ವಾರಕ್ಕೆ ಎರಡು ಸೆಂಟು, ಹೊತ್ತಿಗೊಂದು ಹಿಡಿ

ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಗೆ ಆ ಹೆಸರು ಯಾವ ಡಾಕ್ಟರನಿಂದಲೂ ಬಂದದ್ದಲ್ಲ. ಹೋಲ್‌ಸ್ಟನ್ ಎಂಬುದು ಒಂದು ಹೊಳೆ. ಅಮೆರಿಕದ ವರ್ಜೀನಿಯಾ ರಾಜ್ಯದ ನೈರುತ್ಯ ಮೂಲೆಯ ಗುಡ್ಡಗಳಲ್ಲಿ ಹುಟ್ಟಿ ಟೆನೆಸಿ ರಾಜ್ಯದ ಪೂರ್ವಭಾಗಕ್ಕೆ ಇಳಿಯುತ್ತದೆ. ಆ ಸೀಮೆಯ ಮೆಥೋಡಿಸ್ಟ್ ಸಭೆಗಳ ಕೂಟಕ್ಕೆ ಹೋಲ್‌ಸ್ಟನ್ ಕಾನ್ಫರೆನ್ಸ್ ಎಂದು ಹೆಸರು. ಅಲ್ಲಿಯ ಜನ ಭೀಮಾ ನದಿಯನ್ನು ಕಂಡವರಲ್ಲ, ಯಾದಗಿರಿ ಎಂಬ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಅವರಿಗೆ ಬರುತ್ತಿರಲಿಲ್ಲವೇನೋ. ಆದರೂ ಅವರ ಕಾಣಿಕೆ ಹಡಗು ಹತ್ತಿ, ರೈಲು ಹತ್ತಿ, ಭೀಮೆಯ ಸೀಮೆಗೆ ಬಂದು ದವಾಖಾನೆಯಾಯಿತು. ಅವರ ಊರಿನ ಹೊಳೆಯ ಹೆಸರು ನಮ್ಮ ಸೀಮೆಯ ಬಾಣಂತಿಯರ ಬಾಯಲ್ಲಿ ಉಳಿಯಿತು.

ಮಿಷನರಿಗಳ ಚರಿತ್ರೆ ಹೇಳುವಾಗ ನಾವು ಎರಡು ಪ್ರಶ್ನೆ ಕೇಳುತ್ತೇವೆ: ಯಾರು ಬಂದರು, ಯಾರು ಮತ ಬದಲಿಸಿದರು. ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಖರ್ಚು ಕೊಟ್ಟವರು ಯಾರು? ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸೀಮೆಯಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯೇ ದೊಡ್ಡದು. ಇಲ್ಲಿಗೆ ಬಂದದ್ದು ಸರ್ಕಾರದ ಬೊಕ್ಕಸದ ಹಣವಲ್ಲ. ಇದು ಬ್ರಿಟಿಷರ ಜಿಲ್ಲೆಯೂ ಆಗಿರಲಿಲ್ಲ. ನಿಜಾಮರ ರಾಜ್ಯ, ನಡುನಡುವೆ ಪಾಯಿಗಾ ಅಮೀರರ ಜಾಗೀರುಗಳು.

ದಾನ ಕೊಟ್ಟು ಬೋಧಕರನ್ನು ಸಾಕುವುದು ಈ ನೆಲಕ್ಕೆ ಹೊಸ ಮಾತಲ್ಲ. ಚಿತ್ತಾಪುರದ ಪಕ್ಕದಲ್ಲೇ ನಾಗಾವಿ ಇದೆ. 11ನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಅಲ್ಲಿ ದೊಡ್ಡ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ನಡೆಯುತ್ತಿತ್ತು. ಓದುವ ಹುಡುಗರಿಗೆ, ಓದಿಸುವ ಉಪಾಧ್ಯಾಯರಿಗೆ, ಗ್ರಂಥ ಕಾಯುವ ಸರಸ್ವತೀ ಭಂಡಾರಿಗರಿಗೆ ಬಿಟ್ಟ ಭೂಮಿಯ ಲೆಕ್ಕ ಅಲ್ಲಿಯ ಶಾಸನದಲ್ಲಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಆ ಅರಸರ ಕಾಲದ ಜೈನ ಬಸದಿಗಳಿಗೆ ದಾನ ಬಿಟ್ಟವರ ಹೆಸರುಗಳೂ ಕಲ್ಲಿನಲ್ಲಿ ಉಳಿದಿವೆ. ಜಂಗಮನ ಜೋಳಿಗೆ, ಶರಣರ ದಾಸೋಹ, ದರ್ಗಾದ ಲಂಗರ್ ಎಲ್ಲವೂ ನಮ್ಮ ಜನ ಬಲ್ಲ ಏರ್ಪಾಡುಗಳು. ಕೊಡುವವ ಒಂದು ಖಂಡದಲ್ಲಿ, ಉಣ್ಣುವವ ಇನ್ನೊಂದು ಖಂಡದಲ್ಲಿ ಇರುವುದು ಮಾತ್ರ ಹೊಸದು.

ಅದನ್ನು ಸಾಧ್ಯ ಮಾಡಿದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ದಾಟಿ 1871ರಲ್ಲಿ ರಾಯಚೂರಿಗೆ ಹೋಗಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಮೂರು ವರ್ಷದ ಮೇಲೆ, 1874ರ ಅಕ್ಟೋಬರಿನಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ತೆರೆಯಿತು. ಈ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ಧಾರೂರು, ವಿಕಾರಾಬಾದ್ ಮೇಲೆ ಹೋಗುತ್ತದೆ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯವರು ತಾಂಡೂರಿಗೋ ಸೇಡಂಗೋ ಬಂದು ಗಾಡಿ ಹಿಡಿಯಬೇಕು. ಮುಂಬಯಿ ಕಡೆಯಿಂದ ಹೈದರಾಬಾದಿಗೆ ಹೋಗುವವರು ವಾಡಿಯಲ್ಲಿ ಇಳಿದು ಹತ್ತುವ ಕಾಲ ಅದು. ಶಹಾಬಾದಿನ ಫರಸಿ ಕಲ್ಲು ಯಾವ ಹಳಿಯ ಮೇಲೆ ಮುಂಬಯಿಗೆ ಹೋಯಿತೋ ಅದೇ ಹಳಿಯ ಮೇಲೆ ಅಲ್ಲಿಂದ ಹೊಸ ಮಾತು ಬಂತು.

ರೈಲಿಗಿಂತ ಮೊದಲು ಕನ್ನಡ ನಾಡಿನಲ್ಲಿ ಮಿಷನ್ ಇರಲಿಲ್ಲವೆಂದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ. ಬಾಸೆಲ್ ಮಿಷನ್ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿತ್ತು. ಆ ಮಿಷನ್ನಿನ ಮೋಗ್ಲಿಂಗನ 'ಮಂಗಳೂರ ಸಮಾಚಾರ' ಪತ್ರಿಕೆ 1843ರಲ್ಲಿ, ಕಿಟ್ಟೆಲನ ನಿಘಂಟು 1894ರಲ್ಲಿ ಬಂದವು. ಈ ಇಬ್ಬರನ್ನೂ ನೆನೆಯುವ ನಾವು ಅವರ ಊಟದ ಖರ್ಚು ಎಲ್ಲಿಂದ ಬಂತು ಎಂದು ಕೇಳಿದ್ದು ಕಡಿಮೆ. 1855ರಲ್ಲಿ ಬಾಸೆಲ್ಲಿನ ಕಾರ್ಲ್ ಸರಾಸಿನ್ ಎಂಬ ವ್ಯಾಪಾರಿ ಒಂದು ವಂತಿಗೆ ಪದ್ಧತಿ ಹೂಡಿದ. ಅದಕ್ಕೆ ಸೇರಿದವನು ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದು ಸೆಂಟೀಮ್ ಕೊಡಬೇಕು. ಮನೆಗೆಲಸದವಳೂ ಕೊಡಬಲ್ಲಷ್ಟು ಸಣ್ಣ ಕಾಸು. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಅದನ್ನು ಎತ್ತುತ್ತಿದ್ದರು. ಕನ್ನಡದ ಅತಿ ದೊಡ್ಡ ನಿಘಂಟುಗಳಲ್ಲೊಂದರ ಹಿಂದೆ ಆ ಕಾಸಿನದೂ ಪಾಲಿದೆ.

ನಮ್ಮ ಐದು ಊರುಗಳ ಕಡೆಗೆ ಬಂದ ಹೊನಲು ಮಾತ್ರ ಅಮೆರಿಕದ್ದು. ಅದರ ಮೂಲ ಬಾಸ್ಟನ್ ಪಟ್ಟಣದ ಟ್ರೆಮಾಂಟ್ ಸ್ಟ್ರೀಟಿನ ಮೆಥೋಡಿಸ್ಟ್ ಚರ್ಚಿನಲ್ಲಿದೆ. 1869ರ ಮಾರ್ಚ್ 23, ಹೊರಗೆ ಬಿರುಮಳೆ. ಭಾರತದಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದ ಇಬ್ಬರು ಮಿಷನರಿ ಪತ್ನಿಯರು, ಲೋಯಿಸ್ ಪಾರ್ಕರ್ ಮತ್ತು ಕ್ಲೆಮೆಂಟೀನಾ ಬಟ್ಲರ್, ಸಭೆ ಕರೆದಿದ್ದರು. ಬಂದವರು ಕೈಬೆರಳೆಣಿಕೆಯ ಹೆಂಗಸರು. ಮುಖ ತೋರಿಸದ ಜನಾನಾದ ಹೆಣ್ಣುಮಕ್ಕಳಿಗೆ ಪಾಠ ಹೇಳಲು, ಮದ್ದು ಕೊಡಲು ಗಂಡಸು ಮಿಷನರಿಯಿಂದ ಆಗುವುದಿಲ್ಲ, ಹೆಣ್ಣೇ ಹೋಗಬೇಕು ಎಂಬುದು ಪಾರ್ಕರ್, ಬಟ್ಲರ್ ಅವರ ಮಾತು. ಅಷ್ಟರಿಂದಲೇ ಮಹಿಳಾ ವಿದೇಶ ಮಿಷನರಿ ಸಂಘ ಹುಟ್ಟಿತು. ಸದಸ್ಯರಾಗಲು ವಾರಕ್ಕೆ ಎರಡು ಸೆಂಟು ಮತ್ತು ಒಂದು ಪ್ರಾರ್ಥನೆ. ಇಸಾಬೆಲ್ಲಾ ಥೋಬರ್ನ್ ಎಂಬ ಶಿಕ್ಷಕಿಯನ್ನು ಕಳಿಸಲು ಹಣವೆಲ್ಲಿ ಎಂಬ ಮಾತು ಬಂದಾಗ ಸಂಘದ ಒಬ್ಬಾಕೆ ಎದ್ದು, ರೇಷ್ಮೆ ಬಿಟ್ಟು ಒರಟು ಹತ್ತಿಬಟ್ಟೆ ಉಟ್ಟು ಬಾಸ್ಟನ್ನಿನ ಬೀದಿಯಲ್ಲಿ ನಡೆಯೋಣ, ಈಕೆಯನ್ನು ಮಾತ್ರ ಕಳಿಸದೆ ಬಿಡಬಾರದು ಎಂದಳಂತೆ. 1870ರ ಜನವರಿಯಲ್ಲಿ ಇಸಾಬೆಲ್ಲಾ ಥೋಬರ್ನ್ ಮತ್ತು ಡಾಕ್ಟರ್ ಕ್ಲಾರಾ ಸ್ವೇನ್ ಮುಂಬಯಿಯಲ್ಲಿ ಇಳಿದರು.

ವಾರಕ್ಕೆ ಎರಡು ಸೆಂಟು ಅಂದರೆ ವರ್ಷಕ್ಕೆ ಒಂದು ಡಾಲರು, ನಾಲ್ಕು ಸೆಂಟು. ರೂಪಾಯಿ ಹದಿನಾರು ಪೆನ್ನಿಗೆ ನೆಲೆನಿಂತ 1900ರ ಸುಮಾರಿನ ಲೆಕ್ಕದಲ್ಲಿ ಮೂರು ರೂಪಾಯಿ ಚಿಲ್ಲರೆ. ನಿಜಾಮರ ಹಾಲಿ ಸಿಕ್ಕಾಕ್ಕೆ ಬದಲಿಸಿದರೆ ತುಸು ಹೆಚ್ಚು, ಏಕೆಂದರೆ ಬ್ರಿಟಿಷರ ಆರು ರೂಪಾಯಿಗೆ ಹಾಲಿಯವು ಸುಮಾರು ಏಳು ಬರುತ್ತಿದ್ದವು. ಒಬ್ಬ ಹೆಂಗಸಿನ ಇಡೀ ವರ್ಷದ ವಂತಿಗೆ ಇಷ್ಟು. ಇಂಥ ಸಾವಿರಾರು ಕೈಗಳು ಕೂಡಿದ್ದರಿಂದಲೇ ಶಾಲೆ, ಬೋರ್ಡಿಂಗ್, ದವಾಖಾನೆ ಎದ್ದವು. ದೊಡ್ಡ ಧನಿಕರು ಇರಲಿಲ್ಲವೆಂದಲ್ಲ. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳ ಹೆಸರು ಒಹಾಯೋ ರಾಜ್ಯದ ಬೆರಿಯಾದ ಜಾನ್ ಬಾಲ್ಡ್‌ವಿನ್ ಎಂಬ ದಾನಿಯದು. ಆದರೆ ಬಾಲ್ಡ್‌ವಿನ್ನನಂಥವರು ವಿರಳ. ನಾನು ತಲೆಬಾಗುವುದು ಎರಡು ಸೆಂಟಿನವರಿಗೆ.

ಥೋಬರ್ನ್, ಸ್ವೇನ್ ಬಂದ ವರ್ಷವೇ ಈ ವಂತಿಗೆಯ ದಾರಿಗೆ ತೀರಾ ವಿರುದ್ಧವಾದ ವಿಚಾರ ಹೊತ್ತ ಒಬ್ಬಾತ ಮುಂಬಯಿಗೆ ಬಂದ. ವಿಲಿಯಂ ಟೇಲರ್. ಚಿನ್ನದ ಹುಚ್ಚು ಹಿಡಿದ ಕಾಲದ ಸ್ಯಾನ್ ಫ್ರಾನ್ಸಿಸ್ಕೊ ಬೀದಿಗಳಲ್ಲಿ ನಿಂತು ಬೋಧಿಸಿದ ಕಂಚಿನ ಕಂಠದ ಮನುಷ್ಯ. 1870ರ ಕೊನೆಯಲ್ಲಿ ಭಾರತಕ್ಕೆ ಬಂದ, ಮರುವರ್ಷ ಮುಂಬಯಿಯಲ್ಲಿ ಸಭೆಗಳನ್ನು ಕಟ್ಟಲು ತೊಡಗಿದ. ಅಮೆರಿಕದ ಮಿಷನ್ ಬೋರ್ಡಿನ ಸಂಬಳ ತನಗೆ ಬೇಡ ಎಂಬುದು ಅವನ ಹಟ. ತಾನು ಬರೆದ ಪುಸ್ತಕ ಮಾರಿ ತನ್ನ ಖರ್ಚು ತೂಗಿಸಿದ. ಸಂತ ಪೌಲನು ಕೊರಿಂಥಕ್ಕೆ ಹೋದಾಗ ಯೆರೂಸಲೇಮಿನಿಂದ ಸಂಬಳ ಬರುತ್ತಿತ್ತೇ ಎಂಬುದು ಅವನ ವಾದದ ತಿರುಳು. ಸಭೆ ಎಲ್ಲಿ ಹುಟ್ಟುತ್ತದೋ ಅಲ್ಲಿಯವರೇ ತಮ್ಮ ಬೋಧಕನನ್ನು ಸಾಕಬೇಕು.

ಈ ವಾದಕ್ಕೆ ರೈಲು ಒದಗಿ ಬಂತು. ಟೇಲರನ ಮಾತು ಮೊದಲು ನಾಟಿದ್ದು ಇಂಗ್ಲಿಷ್ ಬಲ್ಲ ಸಂಬಳದಾರರಲ್ಲಿ: ಆಂಗ್ಲೋ ಇಂಡಿಯನ್ ಡ್ರೈವರು, ಗಾರ್ಡು, ತಂತಿ ಗುಮಾಸ್ತ, ಸ್ಟೇಷನ್ ಮಾಸ್ತರರಲ್ಲಿ. ತಿಂಗಳು ತಿಂಗಳು ಪಗಾರ ಬರುತ್ತಿದ್ದ ಅವರು ಬೋಧಕನ ಖರ್ಚು ಹೊರಬಲ್ಲವರಾಗಿದ್ದರು. ಮುಂಬಯಿ, ಮದ್ರಾಸು, ಬೆಂಗಳೂರು, ಸಿಕಂದರಾಬಾದುಗಳಲ್ಲಿ ಸಭೆಗಳು ಹೀಗೆ ನಿಂತವು. 1876ರಲ್ಲಿ ಇವೆಲ್ಲ ಸೇರಿ ಸೌತ್ ಇಂಡಿಯಾ ಕಾನ್ಫರೆನ್ಸ್ ಆಯಿತು. ಮುಂಬಯಿಯಿಂದ ಸಿಕಂದರಾಬಾದಿಗೆ ಹೋಗಿಬರುವ ಬೋಧಕರಿಗೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಎಲ್ಲವೂ ದಾರಿಯ ಸ್ಟೇಷನ್ನುಗಳೇ.

ಟೇಲರನ ವಿಚಾರ ಗೌರವದ್ದು. ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ ಎಂಬ ಸ್ಥಿತಿಯಲ್ಲಿ ಸಭೆ ಬೆಳೆಯಬಾರದೆಂದು ಅವನು ಕಂಡುಕೊಂಡಿದ್ದ. ಅದರ ಮಿತಿಯನ್ನು ತೋರಿಸಿಕೊಟ್ಟದ್ದು ಬರ. 1876ರಿಂದ 78ರವರೆಗಿನ ಬರ ಬಳ್ಳಾರಿ, ರಾಯಚೂರು, ಕಲಬುರಗಿ, ವಿಜಾಪುರಗಳನ್ನು ಒರೆಸಿಹಾಕಿತು. ಆಗ ಚಾರ್ಲ್ಸ್ ಬಿ. ವಾರ್ಡ್ ಎಂಬ ಯುವಕ, ಟೇಲರನ ದಾರಿಯವನೇ, ಬರದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಕಲಬುರಗಿಯಲ್ಲಿ ಸಾಕತೊಡಗಿದ. ನಿಂತ ಸಂಬಳವಿಲ್ಲ, ದೇವರು ಒದಗಿಸಿದಂತೆ ನಡೆಯುವ ಅನಾಥಾಲಯ. ಆ ಮಕ್ಕಳ ಬಳಿ ಕೊಡಲು ಏನಿತ್ತು? ಹಸಿದ ಮಗುವಿಗೆ ಸ್ವಾವಲಂಬನೆಯ ತತ್ತ್ವ ಹೇಳಲಾಗದು. ಹೊರಗಿನ ಹಣ ಬೇಕೇ ಆಯಿತು. ವಾರ್ಡ್ ಮುಂದೆ ನಿಜಾಮರ ರಾಜ್ಯದ ಪೂರ್ವಕ್ಕೆ ಹೋಗಿ, ಅಲ್ಲಿಂದ ಬಸ್ತರದ ಜಗದಲ್‌ಪುರ ಮುಟ್ಟಿದ.

ಹಳ್ಳಿಗಳಿಗೆ ಇಳಿದಾಗ ಸ್ವಾವಲಂಬನೆಯ ಮಾತು ಇನ್ನೂ ಕಷ್ಟವಾಯಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಬೀದರ್, ವಿಕಾರಾಬಾದ್ ಸೀಮೆಯಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಊರ ಹೊರಗೆ ಇಡಲ್ಪಟ್ಟ ಕೇರಿಗಳ ಜನ. ಸತ್ತ ದನ ಎಳೆದು, ಬಿಟ್ಟಿ ದುಡಿದು, ಕಣದಲ್ಲಿ ಉಳಿದ ಕಾಳಿಗೆ ಸೆರಗೊಡ್ಡಿ ಬದುಕಿದವರು. ಅವರ ಕೇರಿಗೆ ಬಂದು ಕೂತು, ಅವರ ಮಕ್ಕಳ ಕೈಯಲ್ಲಿ ಸ್ಲೇಟು ಇಟ್ಟ ಬೋಧಕನ ಸಂಬಳ ಅಲ್ಲಿ ಹುಟ್ಟುವಂತಿರಲಿಲ್ಲ. ಹೀಗೆ ಬೋರ್ಡಿನ ಹಣ ಟೇಲರನ ಹೊಲಕ್ಕೂ ಬಂತು. ಕಲಬುರಗಿ, ಬೀದರ್, ಯಾದಗಿರಿ, ವಿಕಾರಾಬಾದ್ ಕೇಂದ್ರಗಳಾದವು. ಅವುಗಳ ನಡುವಿನ ನಮ್ಮ ಊರುಗಳಿಗೆ ಅಲ್ಲಿಂದ ಬೋಧಕರು ಹೋಗಿ ಬಂದರು.

ಹಣ ಬರುವ ಬಗೆಯನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ನೋವಿನ ಭಾಗವಿದೆ. ದಾನಿಗೆ ಪತ್ರ ಬೇಕು, ವರದಿ ಬೇಕು, ಆಮೇಲೆ ಫೋಟೋ ಬೇಕು. ಮಹಿಳಾ ಸಂಘ 1869ರಲ್ಲೇ ಒಂದು ಪತ್ರಿಕೆ ತೆಗೆಯಿತು. ಅದರ ಹೆಸರಿನಲ್ಲಿಯೇ ನಮ್ಮ ಹೆಣ್ಣುಮಕ್ಕಳು 'ಹೀದನ್' ಹೆಂಗಸರು, ಅಂದರೆ ದೇವರನ್ನರಿಯದವರು. 1896ರಲ್ಲಿ ಆ ಪದ ಬಿಟ್ಟು ಹೆಸರು ಬದಲಾಯಿಸಿದರು. ದಾನ ಹೆಚ್ಚಬೇಕಾದರೆ ಕತ್ತಲೆ ಹೆಚ್ಚಾಗಿ ಕಾಣಬೇಕು ಎಂಬ ಒತ್ತಡ ಬರೆಯುವವರ ಮೇಲಿತ್ತು. ಉತ್ತರ ಭಾರತದ ಅಮೆರಿಕನ್ ಮೆಥೋಡಿಸ್ಟ್ ಅನಾಥಾಲಯಗಳಲ್ಲಿ, ಮಗುವಿನ ಖರ್ಚು ಹೊತ್ತ ದಾನಿ ತನಗೆ ಬೇಕಾದ ಹೆಸರನ್ನು ಆ ಮಗುವಿಗೆ ಇಡಿಸುವ ವಾಡಿಕೆಯೂ ಇತ್ತು. ಅನ್ನ ಕೊಟ್ಟದ್ದು ದೊಡ್ಡದು. ತಾಯಿ ಇಟ್ಟ ಹೆಸರನ್ನು ಅಳಿಸಿದ್ದು ತಪ್ಪು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದವರು ಈ ಚರಿತ್ರೆಗೆ ನ್ಯಾಯ ಮಾಡಲಾರರು.

ಇನ್ನೊಂದನ್ನೂ ಮರೆಯುತ್ತೇವೆ. ಮಿಷನ್ನಿಗೆ ಕೊಟ್ಟವರೆಲ್ಲ ಕ್ರೈಸ್ತರೇ ಅಲ್ಲ. ಕ್ಲಾರಾ ಸ್ವೇನ್ ಬರೇಲಿಯಲ್ಲಿ ಹೆಂಗಸರ ಆಸ್ಪತ್ರೆಗೆ ಜಾಗ ಕೇಳಿದಾಗ, 1871ರಲ್ಲಿ ತನ್ನ ಬಂಗಲೆಯನ್ನೂ ಸುತ್ತಲಿನ ತೋಟವನ್ನೂ ಕೊಟ್ಟವನು ರಾಂಪುರದ ನವಾಬ. ಬಸ್ತರದಲ್ಲಿ ವಾರ್ಡನಿಗೆ ಭೂಮಿ ಬಿಟ್ಟವನು ಅಲ್ಲಿಯ ಹಿಂದೂ ಅರಸ. ದವಾಖಾನೆ, ಶಾಲೆ ಎಂದರೆ ಈ ದೇಶದ ದೊರೆಗಳು ಮತ ನೋಡದೆ ನೆಲ ಬಿಟ್ಟದ್ದುಂಟು. ನಾಗಾವಿಯ ಶಾಸನ ಓದಿದವರಿಗೆ ಇದು ಬೆರಗಿನ ವಿಷಯವಾಗದು.

1919ರಲ್ಲಿ ಅಮೆರಿಕದ ಮೆಥೋಡಿಸ್ಟರು ತಮ್ಮ ಮಿಷನ್ ಕೆಲಸದ ಶತಮಾನೋತ್ಸವ ಮಾಡಿದರು. ಒಹಾಯೋದ ಕೊಲಂಬಸ್ ನಗರದಲ್ಲಿ ಜೂನ್ 20ರಿಂದ ಜುಲೈ 13ರವರೆಗೆ ಜಾತ್ರೆಯಂಥ ಪ್ರದರ್ಶನ. ಹತ್ತು ಕೋಟಿ ಡಾಲರಿಗೂ ಮೀರಿದ ಹಣಕ್ಕೆ ಜನ ವಾಗ್ದಾನ ಬರೆದುಕೊಟ್ಟರು. ಯುದ್ಧ ಗೆದ್ದ ಉತ್ಸಾಹ ಅದು. ಬರೆದುಕೊಟ್ಟಷ್ಟು ಕೈಗೆ ಬರಲಿಲ್ಲ. ಅಲ್ಲಿ ಹೊಲದ ಫಸಲಿನ ಬೆಲೆ ಕುಸಿಯಿತು, ಉತ್ಸಾಹ ಇಳಿಯಿತು, ಮಿಷನ್ ಕ್ಷೇತ್ರಗಳಿಗೆ ಕಳಿಸುವ ಹಣ ಕಡಿತವಾಯಿತು. 1929ರ ಮಹಾ ಕುಸಿತ ಮಿಕ್ಕದ್ದನ್ನೂ ಹಿಂಡಿತು. ಟೆನೆಸಿಯ ರೈತನ ಕೈ ಬಿಗಿಯಾದರೆ ನಿಜಾಮರ ರಾಜ್ಯದ ಹಳ್ಳಿಯ ಬೋಧಕನ ಒಲೆ ಆರುವ ಸ್ಥಿತಿ. ಅರ್ಧ ಶತಮಾನದ ಹಿಂದೆ ಟೇಲರ್ ಎಚ್ಚರಿಸಿದ್ದು ಇದನ್ನೇ.

ಆಗ ಮುಂದೆ ಬಂದದ್ದು ಕೇರಿಯ ಹೆಂಗಸರ ಕೈ. ಅಡಿಗೆಗೆ ಕಾಳು ತೆಗೆಯುವಾಗ ಒಂದು ಹಿಡಿ ಬೇರೆ ಗಡಿಗೆಗೆ ಹಾಕುವುದು, ಭಾನುವಾರ ಅದನ್ನು ಸಭೆಗೆ ತರುವುದು. ನಮ್ಮ ಕಡೆ ಅದು ಜೋಳ. ಸುಗ್ಗಿ ಹಬ್ಬದ ದಿನ ತೊಗರಿ, ಕಡಲೆ, ಕುಂಬಳಕಾಯಿ, ಕೋಳಿ, ಮೊಟ್ಟೆ, ಏನಿದ್ದರೆ ಅದು. ಆರಾಧನೆ ಮುಗಿದ ಮೇಲೆ ಸಭೆಯ ಮುಂದೆಯೇ ಹರಾಜು. ಹತ್ತು ರೂಪಾಯಿಯ ಕುಂಬಳಕಾಯಿಯನ್ನು ನೂರಕ್ಕೆ ಕೂಗಿ ಕೊಂಡವನು ಅದನ್ನು ಮತ್ತೆ ಸಭೆಗೇ ಕೊಡುತ್ತಾನೆ, ಮತ್ತೆ ಹರಾಜು. ಈ ಸಂತೋಷವನ್ನು ನೋಡಿಯೇ ತಿಳಿಯಬೇಕು. ಈಶಾನ್ಯದ ಮಿಜೋ ಜನರಲ್ಲಿ ಇಂಥದೇ ಹಿಡಿ ಅಕ್ಕಿಯ ಪದ್ಧತಿ 1910ರಲ್ಲಿ ಶುರುವಾಯಿತು. ಇಂದು ಆ ಅಕ್ಕಿಯ ಹಣ ನೂರಾರು ಬೋಧಕರನ್ನು ದೂರದ ರಾಜ್ಯಗಳಲ್ಲಿ ಸಾಕುತ್ತಿದೆ. ಕೊಡುವ ಕೈ ಬಡವರದಾದರೆ ಕಾಣಿಕೆ ನಿಲ್ಲುತ್ತದೆ ಎಂಬ ಲೆಕ್ಕ ಎಲ್ಲೂ ನಿಜವಾಗಿಲ್ಲ.

ವಾಡಿಯಿಂದ ಹೊರಟ ನಿಜಾಮರ ಹಳಿಯ ಮೇಲೆ ಇನ್ನೆರಡು ಊರಿಗೆ ಹೋಗಬೇಕು. ಮೊದಲನೆಯದು ಧಾರೂರು. ಅಲ್ಲಿಯ ಕಾಡಿನ ನಡುವೆ 1923ರಿಂದ ಮೆಥೋಡಿಸ್ಟ್ ಕ್ರೈಸ್ತರ ಜಾತ್ರೆ ನಡೆಯುತ್ತ ಬಂದಿದೆ. ಅದನ್ನು ಜಾತ್ರೆ ಎಂದೇ ಕರೆಯುತ್ತಾರೆ, ಬೇರೆ ಪದ ಹುಡುಕಲಿಲ್ಲ. ನವೆಂಬರಿನಲ್ಲಿ ಕೆಲವು ದಿನ ಡೇರೆ ಹಾಕಿ, ಮರದಡಿ ಒಲೆ ಹೂಡಿ, ಹರಕೆ ತೀರಿಸಿ, ಹಾಡಿ, ಉಂಡು ಬರುವ ಜಾತ್ರೆ. ತೆಲುಗಿನವರ ಜೊತೆಗೆ ಕನ್ನಡ, ಮರಾಠಿ ಸೀಮೆಯವರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಅಮೆರಿಕದ ಹಣದ ಕಾಲದಲ್ಲೇ ಹುಟ್ಟಿದರೂ ಇದು ನೂರು ವರ್ಷ ನಡೆದದ್ದು ಹೋಗುವವರ ಕಾಣಿಕೆ ಮತ್ತು ಬುತ್ತಿಯಿಂದ.

ಎರಡನೆಯ ಊರು ಡೋರ್ನಕಲ್, ಸಿಕಂದರಾಬಾದ್ ದಾಟಿ ಬೆಜವಾಡದ ದಾರಿಯಲ್ಲಿ. 1903ರಲ್ಲಿ ತಿರುನೆಲ್ವೇಲಿಯ ತಮಿಳು ಕ್ರೈಸ್ತರು ತಮ್ಮದೇ ಹಣದಿಂದ ಇಂಡಿಯನ್ ಮಿಷನರಿ ಸೊಸೈಟಿ ಕಟ್ಟಿ, ನಿಜಾಮರ ರಾಜ್ಯವನ್ನೇ ತಮ್ಮ ಪರದೇಶವೆಂದು ಆರಿಸಿಕೊಂಡು ಅಲ್ಲಿಗೆ ಬೋಧಕರನ್ನು ಕಳಿಸಿದರು. ಭಾಷೆ ಬೇರೆ, ಊಟ ಬೇರೆ, ರಾಜ ಬೇರೆ. ಅದರ ಹಿಂದಿದ್ದ ವಿ.ಎಸ್. ಅಜರಯ್ಯ 1905ರ ಕ್ರಿಸ್‌ಮಸ್ ದಿನ ಸೆರಾಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಹುಟ್ಟಿದಾಗಲೂ ಮುಂದಿದ್ದವರು. ಭಾರತದ ಜನ, ಭಾರತದ ಹಣ, ಭಾರತೀಯರ ಆಡಳಿತ ಎಂಬುದು ಅದರ ಕಟ್ಟಳೆ. 1910ರಲ್ಲಿ ಎಡಿನ್‌ಬರೋದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ನಿಂತು ಅವರು, ನೀವು ನಿಮ್ಮ ಆಸ್ತಿ ಕೊಟ್ಟಿದ್ದೀರಿ, ದೇಹವನ್ನೂ ಸವೆಸಿದ್ದೀರಿ, ಈಗ ನಮಗೆ ಬೇಕಾದದ್ದು ಗೆಳೆತನ ಎಂಬ ಅರ್ಥದ ಮಾತಾಡಿದರು. ಡಾಲರಿನ ಮೂಲಕ ನಮ್ಮನ್ನು ನೋಡಿದವರಿಗೆ ಇದಕ್ಕಿಂತ ನೇರವಾದ ಉತ್ತರ ಇರಲಿಲ್ಲ. 1912ರ ಡಿಸೆಂಬರ್ 29ರಂದು ಅಜರಯ್ಯ ಡೋರ್ನಕಲ್ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪಟ್ಟಕ್ಕೆ ಬಂದ ಮೊದಲ ಭಾರತೀಯ.

ಮುಂದಿನದು ಬೇಗ ಹೇಳಬಹುದಾದ ಕತೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ವಿದೇಶಿ ಮಿಷನರಿಗಳು ಒಬ್ಬೊಬ್ಬರಾಗಿ ಮರಳಿದರು. ಹೊರದೇಶದ ಕಾಣಿಕೆಗೆ 1976ರಲ್ಲಿ ಕಾನೂನು ಬಂತು, 2010ರಲ್ಲಿ ಹೊಸದಾಯಿತು, 2020ರ ತಿದ್ದುಪಡಿಯಿಂದ ಇನ್ನೂ ಬಿಗಿಯಾಯಿತು. 1981ರ ಜನವರಿ 7ರಂದು ಭಾರತದ ಮೆಥೋಡಿಸ್ಟ್ ಸಭೆ ತನ್ನ ಆಡಳಿತವನ್ನು ತಾನೇ ವಹಿಸಿಕೊಂಡಿತು. ಕಥೋಲಿಕರಿಗೆ ಈ ಸೀಮೆಯಲ್ಲಿ ಗುಲ್ಬರ್ಗ ಧರ್ಮಪ್ರಾಂತ 2005ರಲ್ಲಿ ಬಂತು.

ಕೊಟ್ಟವರ ಚರಿತ್ರೆಯಲ್ಲಿ ಒಂದು ದೊಡ್ಡ ಅನ್ಯಾಯ ಉಳಿದಿದೆ. ಬಾಸ್ಟನ್ನಿನ ಮಳೆಯಲ್ಲಿ ಬಂದವರ ಹೆಸರು ಪುಸ್ತಕದಲ್ಲಿದೆ. ಹೋಲ್‌ಸ್ಟನ್ ಆಸ್ಪತ್ರೆಯ ಮೇಲಿದೆ, ಬಾಲ್ಡ್‌ವಿನ್ ಶಾಲೆಯ ಮೇಲಿದೆ. ಎರಡು ಸೆಂಟಿನವರ ಲೆಕ್ಕ ಅವರ ವಾರ್ಷಿಕ ವರದಿಗಳಲ್ಲಿ ಪೈಸೆ ಪೈಸೆಯಾಗಿ ಅಚ್ಚಾಗಿದೆ. ಹಿಡಿ ಜೋಳ ಹಾಕಿದ ಕೇರಿಯ ಅವ್ವಂದಿರ ಹೆಸರು ಎಲ್ಲೂ ಇಲ್ಲ. ತಲೆಯ ಮೇಲೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ, ಓದು ಬಾರದ ಹೆಂಗಸರಿಗೆ ಅಕ್ಷರ ತೋರಿಸಿದ ಬೈಬಲ್ ಹೆಂಗಸರ ಬಗ್ಗೆ ಆ ವರದಿಗಳಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಸಂಖ್ಯೆ. ನಾಗಾವಿಯ ದಾನಕ್ಕೆ ಕಲ್ಲು ಸಿಕ್ಕಿತು, ಇವರ ದಾನಕ್ಕೆ ಕಾಗದವೂ ಸಿಗಲಿಲ್ಲ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸಭೆಗಳಲ್ಲಿ ಎಂಬತ್ತು ದಾಟಿದ ಹಿರಿಯರು ಇನ್ನೂ ಇದ್ದಾರೆ. ದೀಕ್ಷಾಸ್ನಾನದ, ಮದುವೆಯ, ಕಾಣಿಕೆಯ ಹಳೆಯ ದಫ್ತರಗಳು ಪೆಟ್ಟಿಗೆಗಳಲ್ಲಿ ಗೆದ್ದಲು ಕಾಯುತ್ತಿವೆ. ಆ ಊರುಗಳ ಓದಿದ ಮಕ್ಕಳಿಗೆ ನನ್ನ ಬೇಡಿಕೆ ಇಷ್ಟೆ: ಈ ಸುಗ್ಗಿ ಹಬ್ಬಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ನಿಮ್ಮ ಅಜ್ಜಿಯ ಪಕ್ಕ ಕೂತು, ಹಿಡಿ ಕಾಳಿನ ಗಡಿಗೆ ಯಾರ ಮನೆಯಲ್ಲಿತ್ತು, ಯಾರು ಎತ್ತುತ್ತಿದ್ದರು, ಆ ಜೋಳದಿಂದ ಯಾವ ಬೋಧಕನ ಮನೆ ನಡೆಯಿತು ಎಂದು ಕೇಳಿ, ಹೆಸರು ಸಮೇತ ಬರೆದುಕೊಳ್ಳಿರಿ. ದಫ್ತರಗಳ ಫೋಟೋ ತೆಗೆದಿಡಿರಿ.